ಹಸಿರು ಪಟ್ಟಿ

ದಸರಾ ರಜೆಗೆ ಊರಿಗೆ ಹೋದಾಗ ಅಪ್ಪ ಕಂಪ್ಯೂಟರ್ ಮುಂದೆ ಸುಮ್ಮನೆ ಕೂತಿದ್ದರು. ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ಮೇಲೆ ಹಸಿರು ಪಟ್ಟಿ ತೆವಳ್ತಾ ಇತ್ತು.

"ಹಳೇದಾಯ್ತು ಕಣೋ, ಹೊಸದು ತಗೋಬೇಕೇನೋ" ಅಂದರು.

ಹಾರ್ಡ್ ಡಿಸ್ಕ್ ಹೋಯ್ತೇನೋ ಅಂದ್ಕೊಂಡೆ. ಆದರೆ ಬೇರೆ ಫೋಲ್ಡರ್‌ಗಳೆಲ್ಲ ತಟ್ಟನೆ ತೆರೆಯುತ್ತಿದ್ದವು. ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಸ್ಟಮೈಸ್ - ಅಲ್ಲಿ 'ಪಿಕ್ಚರ್ಸ್' ಅಂತಿತ್ತು. ವಿಂಡೋಸ್ ಪಾಪ, ಸಾವಿರಾರು ಫೈಲುಗಳಲ್ಲಿ ಫೋಟೋದ ವಿವರ ಹುಡುಕ್ತಾ ಇತ್ತು. 'ಜನರಲ್ ಐಟಮ್ಸ್' ಮಾಡಿದೆ. ಫೋಲ್ಡರ್ ತಕ್ಷಣ ತೆರೀತು.

"ಎಷ್ಟು ದಿನದಿಂದ ಹಿಂಗಿತ್ತಪ್ಪ?"

"ಆರು ತಿಂಗಳಾಯ್ತು. ನಾನೇ ಏನೋ ಕೆಡಿಸಿದೆ ಅಂದ್ಕೊಂಡಿದ್ದೆ. ನೀನು ಯಾವಾಗ್ಲೂ ಇಂಟರ್ನಲ್ಸ್ ಅಂತಿರ್ತೀಯಲ್ಲ, ಫೋನ್ ಮಾಡ್ಲಿಲ್ಲ."

ಎರಡು ನಿಮಿಷದ ಕೆಲಸ. ಆರು ತಿಂಗಳು ನಾನು ಕೇಳಿರಲೇ ಇಲ್ಲ. ಈ ಸಲ ಮನೆಗೆ ಹೋದಾಗ ನೀವೂ ಒಂದ್ಸಲ ಕೇಳಿ ನೋಡಿ.