ತೆಗೆಯುವುದು, ಹೊಲಿಯುವುದು

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳಲ್ಲಿ ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ಸಂಶೋಧನೆಗಾಗಿ ತಿರುಗುವಾಗ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: “ಚೀಲದಾಗ ಗಡ್ಡಿ ಆಗಿತ್ತು, ತಗಿಸಿಬಿಟ್ಟೆ.” ತೆಗೆಸಿದ್ದು ಗಡ್ಡೆಯನ್ನಷ್ಟೇ ಅಲ್ಲ, ಗರ್ಭಕೋಶವನ್ನೇ. ಗಡ್ಡೆ ಮಾತ್ರ ತೆಗೆದು ಹೊಲಿಯಬಹುದಿತ್ತೇ ಎಂದರೆ ನಗುತ್ತಾರೆ. “ಅದನ್ನೇನು ಹೊಲೀತಾರ ಯವ್ವಾ?”

ಈ ಪ್ರಶ್ನೆ ನಮ್ಮ ಮನೆಗೂ ಬಂತು. ಗಜೇಂದ್ರಗಡದ ದೊಡ್ಡವ್ವನ ಮಗಳಿಗೆ 31 ವರ್ಷ, ಮಕ್ಕಳಿಲ್ಲ. ಮುಟ್ಟಿನ ರಕ್ತ ಹೋಗಿ ಹೋಗಿ ಮುಖ ಬಿಳಿಚಿತ್ತು. ಸ್ಕ್ಯಾನಿಂಗಿನಲ್ಲಿ ಗರ್ಭಕೋಶದ ಗೋಡೆಯೊಳಗೆ 7 ಸೆಂಟಿಮೀಟರಿನ ಫೈಬ್ರಾಯ್ಡ್ ಕಂಡಿತು. ಮೊದಲು ನೋಡಿದ ವೈದ್ಯರು ಚೀಲ ತೆಗೆಸಿಬಿಡಿ ಎಂದರು. ಅಕ್ಕ ಒಪ್ಪಲಿಲ್ಲ. ಅವಳನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದೆವು.

ಫೈಬ್ರಾಯ್ಡ್ ಗರ್ಭಕೋಶದ ಸ್ನಾಯುವಿನಿಂದಲೇ ಬೆಳೆಯುವ ಗಡ್ಡೆ. ಬಹುತೇಕ ಕ್ಯಾನ್ಸರ್ ಅಲ್ಲ. ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ಇಳಿಸಿ, ಗೋಡೆ ಸೀಳಿ ಗಡ್ಡೆ ಬಿಡಿಸುತ್ತಾರೆ. ಅದು ಅರ್ಧ ಕೆಲಸ. ಉಳಿದರ್ಧ ಹೊಲಿಗೆ, ಕಷ್ಟವೂ ಅಲ್ಲೇ. ಉದ್ದನೆಯ ಉಪಕರಣದಲ್ಲಿ ಕೈ ಎಡಕ್ಕೆ ಹೋದರೆ ಒಳಗಿನ ತುದಿ ಬಲಕ್ಕೆ ಹೋಗುತ್ತದೆ. ಸಾಮಾನ್ಯ ಪರದೆಯಲ್ಲಿ ಆಳ ತಿಳಿಯದು. ಒಂದು ಗಂಟು ಹಾಕುವಷ್ಟರಲ್ಲಿ ರಕ್ತ ಸುರಿಯುತ್ತಲೇ ಇರುತ್ತದೆ.

ಅದಕ್ಕೇ ಕೆಲವರು ಗಂಟನ್ನು ಹೊರಗೆ ಹಾಕಿ ಕಡ್ಡಿಯಿಂದ ಒಳಗೆ ತಳ್ಳುತ್ತಾರೆ. ಜರ್ಮನಿಯ ಕೀಲ್‌ನಲ್ಲಿದ್ದ ಕುರ್ಟ್ ಸೆಮ್ ಇಂಥ ವಿಧಾನಗಳನ್ನು ಬೆಳೆಸಿದವರಲ್ಲಿ ಪ್ರಮುಖರು. ಈಚೆಗೆ ಮುಳ್ಳಿನ ದಾರ ಬಂದಿದೆ. ಎಳೆದರೆ ಮುಂದೆ ಹೋಗುತ್ತದೆ, ಹಿಂದೆ ಜಾರುವುದಿಲ್ಲ, ಗಂಟು ಬೇಕಿಲ್ಲ. ಹೊಲಿಯುವ ಹೊತ್ತು ಉಳಿಯುತ್ತದೆ. ಆದರೆ ತುದಿ ಉದ್ದ ಬಿಟ್ಟರೆ ಕರುಳು ಸಿಕ್ಕಿಕೊಳ್ಳಬಹುದು; ಗಿಡ್ಡವಾಗಿ ಕತ್ತರಿಸಬೇಕು.

ಗೋಡೆ ದಪ್ಪ, ಎರಡು ಮೂರು ಪದರದಲ್ಲಿ ಹೊಲಿಯಬೇಕು ಎಂದು ವೈದ್ಯೆ ಕಾಗದದ ಮೇಲೆ ಬರೆದು ತೋರಿಸಿದರು. ದೊಡ್ಡವ್ವ ಆ ಚಿತ್ರ ನೋಡಿ, “ಕೌದಿ ಹೊಲದಂಗs ಅನ್ರಿ. ನಡುವ ಪೊಳ್ಳು ಉಳೀಬಾರದು,” ಎಂದಳು. ವೈದ್ಯೆ ಹೌದೆಂದರು. ಪೊಳ್ಳಿನಲ್ಲಿ ರಕ್ತ ನಿಲ್ಲುತ್ತದೆ. ಕರೆಂಟಿನಿಂದ ಹೆಚ್ಚು ಸುಟ್ಟರೆ ಗಾಯ ಸರಿಯಾಗಿ ಮಾಯುವುದಿಲ್ಲ. ಅಪರೂಪಕ್ಕಾದರೂ ಬಸಿರಿನಲ್ಲಿ ಆ ಜಾಗ ಬಿರಿಯುವುದುಂಟು. ಆದ್ದರಿಂದ ಆಪರೇಶನ್ ಆದಮೇಲೆ ಕೆಲವು ತಿಂಗಳು ಬಸಿರಾಗಬಾರದು, ಆಮೇಲೆ ಹೆರಿಗೆ ಸಿಸೇರಿಯನ್ ಆಗಬಹುದು ಎಂದೂ ತಿಳಿಸಿದರು.

ಎಲ್ಲರಿಗೂ ಹೊಲಿಗೆಯೇ ಸರಿಯೆಂದಲ್ಲ. ಗಡ್ಡೆ ಮತ್ತೆ ಬರಬಹುದು; ಮಕ್ಕಳಾಗಿ, ಸಾಕೆನಿಸಿ, ತಿಳಿದು ಗರ್ಭಕೋಶ ತೆಗೆಸುವವರ ತೀರ್ಮಾನವೂ ಸರಿಯೇ. ತಿಳಿಸದೆ ತೆಗೆಯುವುದು ಬೇರೆ ಮಾತು. ರಾಣೆಬೆನ್ನೂರಿನ ಕಡೆಯ ಹೆಣ್ಣುಮಕ್ಕಳು ಇದರ ವಿರುದ್ಧವೇ ಬೀದಿಗಿಳಿದರು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ರಾಜ್ಯಗಳು 3 ತಿಂಗಳಲ್ಲಿ ಜಾರಿಮಾಡಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ಹೇಳಿತು.

ಅಕ್ಕನ ಆಪರೇಶನ್ ಆಗಿ ಎಂಟು ತಿಂಗಳಾಯಿತು. ಮಗುವಾಗುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ರಕ್ತಹೀನತೆಯಂತೂ ಹೋಗಿದೆ. ನಮಗೆ ಬಸ್ಸಿನ ಖರ್ಚಿತ್ತು, ನಾಲ್ಕು ದಿನ ಕೂಲಿ ಬಿಡದೆ ನಡೆಯುವ ಅನುಕೂಲವಿತ್ತು, ಎದುರು ಕೇಳುವ ಧೈರ್ಯವಿತ್ತು. ನಾನು ಮಾತನಾಡಿಸಿದ ಅನೇಕರಿಗೆ ಇವು ಮೂರೂ ಇರಲಿಲ್ಲ. ತೆಗೆಯುವ ಆಸ್ಪತ್ರೆ ಹತ್ತಿರವಿತ್ತು, ಹೊಲಿಯುವ ಕೈ ದೂರವಿತ್ತು.