ನೀರು ಕೊಟ್ಟ ಊರಿನಲ್ಲಿ ಬೀಜ ಪರೀಕ್ಷೆ

ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ಬಲಕ್ಕೆ ತಿರುಗಿ ಹೆಸರಘಟ್ಟ ರಸ್ತೆ ಹಿಡಿದರೆ, ಬಾಗಲಗುಂಟೆ, ಚಿಕ್ಕಬಾಣಾವರ ದಾಟಿದ ಮೇಲೆ ಸಿಗುವ ಊರು ಸೋಲದೇವನಹಳ್ಳಿ. ರೈಲಿನಲ್ಲಿ ಬರುವವರಿಗೂ ದಾರಿಯುಂಟು. ಯಶವಂತಪುರದಿಂದ ಹಾಸನಕ್ಕೆ ಹೋಗುವ ಮಾರ್ಗ 2017ರಲ್ಲಿ ಪೂರ್ತಿಯಾಗಿ ತೆರೆಯಿತು. ಚಿಕ್ಕಬಾಣಾವರದ ನಂತರದ ನಿಲ್ದಾಣವೇ ಸೋಲದೇವನಹಳ್ಳಿ. ರಾಗಿ, ಅವರೆ, ಹುರುಳಿ ಬೆಳೆಯುತ್ತಿದ್ದ ಕೆಂಪು ಮಣ್ಣಿನ ಸೀಮೆ ಇದು. ಈಗ ಇಲ್ಲಿ ಆಚಾರ್ಯ ವಿದ್ಯಾಸಂಸ್ಥೆಗಳ ದೊಡ್ಡ ಆವರಣವಿದೆ, ವಿದ್ಯಾರ್ಥಿಗಳ ವಸತಿಗೃಹಗಳಿವೆ, ಹೊಸ ಬಡಾವಣೆಗಳಿವೆ. ಹೊಲ ಮತ್ತು ಸೈಟು ಅಕ್ಕಪಕ್ಕದಲ್ಲೇ ಇರುವ ಊರು.

ಬೆಂಗಳೂರಿಗೆ ಈ ಊರಿನ ಋಣ ದೊಡ್ಡದು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿ ನದಿಗೆ ಅಡ್ಡಲಾಗಿ ಹೆಸರಘಟ್ಟದ ಕೆರೆ ನಿರ್ಮಾಣವಾಯಿತು. ಕೆರೆಯ ನೀರು ಇಟ್ಟಿಗೆಯ ಕಾಲುವೆಯಲ್ಲಿ ಇಳಿಜಾರಿನ ಬಲದಿಂದಲೇ ಸೋಲದೇವನಹಳ್ಳಿಯವರೆಗೆ ಹರಿದು ಬರುತ್ತಿತ್ತು. ಇಲ್ಲಿಂದ ಮುಂದೆ ನೆಲ ಏರು. ಆದ್ದರಿಂದ ಇಲ್ಲಿ ಪಂಪುಮನೆ ಕಟ್ಟಿ, ಉಗಿಯಂತ್ರದಿಂದ ನೀರನ್ನು ಮಲ್ಲೇಶ್ವರದ ಕಡೆಗೆ ಎತ್ತಿದರು. 1896ರಲ್ಲಿ ನಗರಕ್ಕೆ ನೀರು ಮುಟ್ಟಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂದ ಮೇಲೆ ಹೆಸರಘಟ್ಟದ ಮಹತ್ವ ಕುಗ್ಗಿತು. ಬಹುಕಾಲ ಒಣಗಿದ್ದ ಕೆರೆ 2022ರ ಮಳೆಗೆ ದಶಕಗಳ ಬಳಿಕ ತುಂಬಿದಾಗ ಜನ ಜಾತ್ರೆಯಂತೆ ಹೋಗಿ ನೋಡಿದರು.

ಅದೇ ಹೆಸರಘಟ್ಟದ ದಿಕ್ಕಿನಲ್ಲಿ ಮುಂದುವರಿದರೆ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. 1967ರಲ್ಲಿ ಆರಂಭವಾದ ಈ ಸಂಸ್ಥೆಯ ತಳಿಗಳೆಲ್ಲ ‘ಅರ್ಕ’ ಎಂಬ ಹೆಸರಿನಿಂದ ಶುರುವಾಗುತ್ತವೆ. ಅರ್ಕ ವಿಕಾಸ್ ಟೊಮೆಟೊ, ಅರ್ಕ ರಕ್ಷಕ್ ಟೊಮೆಟೊ, ಅರ್ಕ ಅನಾಮಿಕ ಬೆಂಡೆ ದೇಶದ ಮೂಲೆಮೂಲೆಗೆ ಹೋಗಿವೆ. ಆದರೆ ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೆ ಸಿಗುವ ಈ ಬೀಜದ ಬಗ್ಗೆ ಹತ್ತಿರದ ಹಳ್ಳಿಗಳ ಶಾಲಾ ಮಕ್ಕಳಿಗೆ ಎಷ್ಟು ಗೊತ್ತು?

ಒಂದು ಉದಾಹರಣೆ ನೋಡೋಣ. ಬೆಂಡೆ ಬೆಳೆದವರೆಲ್ಲರಿಗೂ ಹಳದಿ ನಂಜು ರೋಗ ಗೊತ್ತು. ಎಲೆಯ ನರಗಳು ಮೊದಲು ಹಳದಿಯಾಗುತ್ತವೆ, ಬಳಿಕ ಎಲೆಯೇ ಹಳದಿಯಾಗಿ, ಕಾಯಿ ಬಿಳಿಚಿಕೊಂಡು ಗಡುಸಾಗುತ್ತದೆ. ಇದು ವೈರಸ್ ರೋಗ. ಗಿಡದಿಂದ ಗಿಡಕ್ಕೆ ಒಯ್ಯುವುದು ಬಿಳಿನೊಣ. ಹೆಸರಘಟ್ಟದ ವಿಜ್ಞಾನಿಗಳು ಬೆಂಡೆಯನ್ನು ಅದರ ಕಾಡು ಸಂಬಂಧಿಯೊಂದಿಗೆ ಸಂಕರಿಸಿ, ಆ ಕಾಡುಗಿಡದ ರೋಗನಿರೋಧ ಶಕ್ತಿಯನ್ನು ಊಟದ ಬೆಂಡೆಗೆ ತಂದರು. ಹೀಗೆ ಬಂದದ್ದೇ ಅರ್ಕ ಅನಾಮಿಕ. ಆದರೆ ವೈರಸ್ಸೂ ಸುಮ್ಮನಿರುವುದಿಲ್ಲ, ಬದಲಾಗುತ್ತದೆ. ಈ ತಳಿಯ ನಿರೋಧ ಶಕ್ತಿ ಹಲವೆಡೆ ಕುಗ್ಗಿದೆ. ಹಾಗಾದರೆ ಸೋಲದೇವನಹಳ್ಳಿಯ ಮಣ್ಣಿನಲ್ಲಿ, ಇಲ್ಲಿನ ಬಿಳಿನೊಣದ ನಡುವೆ, ಈ ವರ್ಷ ಅದು ಎಷ್ಟು ನಿಲ್ಲುತ್ತದೆ? ಇದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ಬಿತ್ತಿಯೇ ನೋಡಬೇಕು. ಊರಿನ ಯುವಕ ಸಂಘ ಅಥವಾ ಶಾಲೆ ಮಾಡಬಹುದಾದ ನಿಜವಾದ ಪ್ರಯೋಗ ಇದು.

ಇದಕ್ಕೆ ಎಕರೆಗಟ್ಟಲೆ ಜಮೀನು ಬೇಡ. ಮೂವತ್ತು–ನಲವತ್ತರ ಸೈಟಿನ ಅರ್ಧ ಜಾಗ ಸಾಕು. ಎಂಟು ಮಡಿ ಮಾಡಿ, ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಬಿಟ್ಟು ಮಡಿಗೆ 20 ಗಿಡ ಎಬ್ಬಿಸಬೇಕು. ನಾಲ್ಕು ಮಡಿಗೆ ಸಂಸ್ಥೆಯಿಂದ ತಂದ ಬೀಜ, ನಾಲ್ಕಕ್ಕೆ ಊರಿನವರು ಹಾಕುವ ಬೀಜ. ಯಾವ ಮಡಿಗೆ ಯಾವ ಬೀಜ ಎಂಬುದನ್ನು ಮಾತ್ರ ಚೀಟಿ ಎತ್ತಿ ತೀರ್ಮಾನಿಸಬೇಕು. ನಮಗೆ ಬೇಕಾದ ಬೀಜವನ್ನು ನೀರು ಚೆನ್ನಾಗಿ ನಿಲ್ಲುವ ಮೂಲೆಗೆ ಹಾಕಿಬಿಡುವ ಆಸೆ ಎಲ್ಲರಿಗೂ ಇರುತ್ತದೆ. ಚೀಟಿ ಅದನ್ನು ತಡೆಯುತ್ತದೆ. ಒಂದೇ ಮಡಿಯನ್ನು ನಂಬದೆ ಹಲವು ಮಡಿ ಮಾಡುವುದು, ಚೀಟಿಯಿಂದ ಹಂಚುವುದು – ಈ ಎರಡು ನಿಯಮಗಳನ್ನು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ 1920ರ ದಶಕದಲ್ಲಿ ರೊನಾಲ್ಡ್ ಫಿಶರ್ ರೂಪಿಸಿದರು. ಇಂದು ಔಷಧಿಗಳ ಪರೀಕ್ಷೆಗೂ ಇದೇ ತಳಹದಿ.

ಉಳಿದದ್ದು ಶಿಸ್ತಿನ ಕೆಲಸ. ಎಲ್ಲ ಮಡಿಗೂ ಒಂದೇ ಅಳತೆಯ ಕೊಟ್ಟಿಗೆ ಗೊಬ್ಬರ, ಒಂದೇ ಅಳತೆಯ ನೀರು. ಹತ್ತು ದಿನಕ್ಕೊಮ್ಮೆ ಹಳದಿಯಾದ ಗಿಡಗಳ ಎಣಿಕೆ. ಸುಮಾರು 45–50 ದಿನಕ್ಕೆ ಕೊಯ್ಲು ಶುರುವಾದಾಗ ಪ್ರತಿ ಮಡಿಯ ಕಾಯಿಯನ್ನು ಬೇರೆಬೇರೆಯಾಗಿ ತೂಗಿ ಬರೆಯುವುದು. ಎರಡು ಬೀಜಕ್ಕೂ ಒಂದೇ ಗತಿಯಾದರೂ ಬೇಸರಪಡಬೇಕಿಲ್ಲ, ಅದೂ ಒಂದು ಉತ್ತರ. ಸಂಶೋಧನಾ ಸಂಸ್ಥೆಗೂ ಅಂಥ ಲೆಕ್ಕ ಬೇಕು. ತೂಗಿದ ಕಾಯಿ ಶಾಲೆಯ ಬಿಸಿಯೂಟಕ್ಕೆ ಹೋದರೆ ಇನ್ನೂ ಒಳ್ಳೆಯದು. ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಬೆಳೆಸಲು ಕೇಂದ್ರ ಸರ್ಕಾರ 2019ರಲ್ಲೇ ಮಾರ್ಗಸೂಚಿ ಹೊರಡಿಸಿದೆ.

ಟೊಮೆಟೊದಲ್ಲಿ ಇನ್ನೊಂದು ಪಾಠವಿದೆ. ಅರ್ಕ ವಿಕಾಸ್ ಶುದ್ಧ ತಳಿ. ಹಣ್ಣಿನ ಬೀಜ ಎತ್ತಿಟ್ಟು ಮುಂದಿನ ವರ್ಷ ಬಿತ್ತಬಹುದು. ಅರ್ಕ ರಕ್ಷಕ್ ಸಂಕರ ತಳಿ. ಮೂರು ರೋಗಗಳನ್ನು ತಡೆಯುತ್ತದೆ, ಆದರೆ ಅದರ ಬೀಜ ಎತ್ತಿಟ್ಟು ಬಿತ್ತಿದರೆ ಮಕ್ಕಳು ತಾಯಿಯಂತಿರುವುದಿಲ್ಲ. ಮೆಂಡೆಲನ ನಿಯಮವನ್ನು ಹಿತ್ತಲಿನಲ್ಲೇ ಕಣ್ಣಾರೆ ಕಾಣಬಹುದು.

ಇಂಥ ಕೆಲಸ ಹೊಸದಲ್ಲ. ಅಮೆರಿಕದ ಓಹಿಯೋದಲ್ಲಿ 1902ರಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾಧಿಕಾರಿ ಹಳ್ಳಿಯ ಮಕ್ಕಳ ಸಂಘ ಕಟ್ಟಿದರು. ಲಿಟ್ಮಸ್ ಕಾಗದದಿಂದ ಮಣ್ಣು ಪರೀಕ್ಷಿಸುವುದು, ಜೋಳ ಬೆಳೆದು ನೋಡುವುದು ಅವರ ಕೆಲಸ. ನೆರವಿಗೆ ಆ ರಾಜ್ಯದ ಕೃಷಿ ಸಂಶೋಧನಾ ಕೇಂದ್ರ. ಅದೇ ಮುಂದೆ ‘ಫೋರ್-ಎಚ್’ ಎಂಬ ದೊಡ್ಡ ಚಳವಳಿಯಾಯಿತು. ನಮ್ಮಲ್ಲಿಯೂ 1969ರಿಂದ ರಾಷ್ಟ್ರೀಯ ಸೇವಾ ಯೋಜನೆ, 1972ರಿಂದ ನೆಹರೂ ಯುವ ಕೇಂದ್ರಗಳು ಹಳ್ಳಿಯ ಯುವಕರನ್ನು ಒಟ್ಟುಗೂಡಿಸಿವೆ. 2023ರ ಅಕ್ಟೋಬರ್ 31ರಂದು ಆರಂಭವಾದ ‘ಮೇರಾ ಯುವ ಭಾರತ್’ನಲ್ಲಿ 15ರಿಂದ 29 ವರ್ಷದವರು ನೋಂದಾಯಿಸಿಕೊಳ್ಳಬಹುದು. ಸೇವಾ ಯೋಜನೆಯ ವಿದ್ಯಾರ್ಥಿ ಎರಡು ವರ್ಷದಲ್ಲಿ 240 ಗಂಟೆ ಸಮಾಜದ ಕೆಲಸ ಮಾಡಬೇಕು. ಕಾಲೇಜುಗಳೇ ತುಂಬಿರುವ ಸೋಲದೇವನಹಳ್ಳಿಯಲ್ಲಿ ಆ ಗಂಟೆಗಳಲ್ಲಿ ಕೆಲವನ್ನು ಊರ ಮಕ್ಕಳ ಜೊತೆ ಈ ಮಡಿಗಳಲ್ಲಿ ಕಳೆಯಬಾರದೇಕೆ?

“ಮಣ್ಣು ಕೆದಕಿದರೆ ಮಾರ್ಕ್ಸ್ ಬರುತ್ತದೆಯೇ?” ಎಂದು ತಂದೆ ತಾಯಿ ಕೇಳುವುದು ಸಹಜ. ಪಿಯುಸಿ ವಿಜ್ಞಾನ ಓದಿದವರಿಗೆ ತೋಟಗಾರಿಕೆ, ಕೃಷಿ, ಅರಣ್ಯಶಾಸ್ತ್ರ ಪದವಿಗಳ ಬಾಗಿಲು ತೆರೆದಿದೆ. ತೋಟಗಾರಿಕಾ ಮಹಾವಿದ್ಯಾಲಯ ಹೆಬ್ಬಾಳದ ಆಚೆಯ ಜಿಕೆವಿಕೆ ಆವರಣದಲ್ಲೇ ಇದೆ. ಕೃಷಿಕರ ಕೋಟಾದಲ್ಲಿ ಸೀಟು ಬಯಸುವವರಿಗೆ ಪ್ರಾಯೋಗಿಕ ಪರೀಕ್ಷೆಯುಂಟು; ಬೀಜ, ಬೆಳೆ, ಉಪಕರಣ ಗುರುತಿಸಬೇಕು. ಜಮೀನಿದ್ದೂ ಹೊಲಕ್ಕೆ ಇಳಿಯದ ಮಕ್ಕಳು ಅಲ್ಲಿ ತಬ್ಬಿಬ್ಬಾಗುತ್ತಾರೆ. ಒಂದು ಮುಂಗಾರು ಎಂಟು ಮಡಿ ನೋಡಿಕೊಂಡವರಿಗೆ ಆ ಭಯವಿರದು.

ಈ ಸೀಮೆಯ ಹೊಲಗಳು ವರ್ಷವರ್ಷಕ್ಕೆ ಕಿರಿದಾಗುತ್ತಿವೆ. ಅಜ್ಜಿಯ ಕೈಯಲ್ಲಿರುವ ಅವರೆ, ಬೆಂಡೆ, ಸೋರೆಯ ಬೀಜ ಒಂದು ವರ್ಷ ಬಿತ್ತದೆ ಬಿಟ್ಟರೆ ಮುಂದೆ ಸಿಗುತ್ತದೆಂಬ ಭರವಸೆಯಿಲ್ಲ. ಖಾಲಿ ಸೈಟೊಂದಕ್ಕೆ ಮಾಲೀಕರ ಒಪ್ಪಿಗೆ ಕೇಳುವುದು, ಬೀಜ ಹೊಂದಿಸುವುದು, ಚೀಟಿ ಬರೆಯುವುದು – ಇಷ್ಟನ್ನು ಮೇ ತಿಂಗಳ ರಜೆಯಲ್ಲೇ ಮುಗಿಸಿಕೊಂಡರೆ, ಜೂನ್‌ನಲ್ಲಿ ಮೊದಲ ಹದ ಮಳೆ ಬಿದ್ದೊಡನೆ ಬಿತ್ತನೆ ಮಾಡಬಹುದು.