ಸಾಲೋಟಗಿಯ ದಾರಿ

ಸ್ಕಾಟ್ಲೆಂಡಿನ ಪೂರ್ವತೀರದಲ್ಲಿ ಸೇಂಟ್ ಆಂಡ್ರ್ಯೂಸ್ ಎಂಬುದೊಂದು ಚಿಕ್ಕ ಪಟ್ಟಣವಿದೆ. 1413ರಲ್ಲಿ ಪೋಪರ ಆಜ್ಞಾಪತ್ರದಿಂದ ಮನ್ನಣೆ ಪಡೆದ ವಿಶ್ವವಿದ್ಯಾಲಯವು ಅಲ್ಲಿ ಇಂದಿಗೂ ನಡೆದುಬಂದಿದೆ. ಆ ಊರಿನ ಹಳೆಯ ಹೆಬ್ಬೀದಿಗಳು ಪಾಳುಬಿದ್ದ ಮಹಾ ಇಗರ್ಜಿಯತ್ತ ಸಾಗುತ್ತವೆಂದೂ, ಕೆಂಪು ನಿಲುವಂಗಿ ತೊಟ್ಟ ವಿದ್ಯಾರ್ಥಿಗಳು ಭಾನುವಾರದ ಪ್ರಾರ್ಥನೆ ಮುಗಿಸಿ ಕಡಲೊಳಕ್ಕೆ ಚಾಚಿದ ಕಲ್ಲುಕಟ್ಟೆಯ ಮೇಲೆ ಸಾಲುಸಾಲಾಗಿ ನಡೆದುಹೋಗುವ ಪದ್ಧತಿಯು ಈಗಲೂ ಉಳಿದಿದೆಯೆಂದೂ, ಬೇಸಗೆಯಲ್ಲಿ ಅಲ್ಲಿಗೆ ಹೋಗಿ ಬೀದಿಬೀದಿಯನ್ನು ಕಾಲ್ನಡೆಯಲ್ಲಿ ಸುತ್ತಿಬಂದ ಮಿತ್ರರೊಬ್ಬರು ಬಹಳ ಸಂತೋಷದಿಂದ ಬಣ್ಣಿಸುತ್ತಿದ್ದರು. ನಾನು ಕೇಳುತ್ತಲೇ ಇದ್ದೆ; ಆದರೆ ನನ್ನ ಮನಸ್ಸು ಆಗಲೇ ಇಂಡಿಯಿಂದ ಎರಡು ಹರದಾರಿ ದೂರದಲ್ಲಿರುವ ಸಾಲೋಟಗಿಯ ಕಡೆಗೆ ಹೊರಟುಬಿಟ್ಟಿತ್ತು.

ಸಾಲೋಟಗಿಯು ಒಂದು ಕಾಲಕ್ಕೆ ವಿದ್ಯಾಪೀಠವಾಗಿತ್ತೆಂಬುದನ್ನು ಬಲ್ಲವರು ಹೆಚ್ಚು ಮಂದಿಯಿಲ್ಲ. ಆಗ ಅದರ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಸಂಧಿವಿಗ್ರಹಿಯಾಗಿದ್ದ ನಾರಾಯಣನೆಂಬ ಅಮಾತ್ಯನು ಇಲ್ಲಿ ಬ್ರಹ್ಮ, ವಿಷ್ಣು, ಶಿವರಾದ ತ್ರಯೀಪುರುಷರಿಗೆ ಮಂದಿರವನ್ನೂ, ಅದರೊಡನೆ ಒಂದು ಶಾಲೆಯನ್ನೂ ಕಟ್ಟಿಸಿದನು. ಶಕವರ್ಷ 867ರ ಭಾದ್ರಪದ ಅಮಾವಾಸ್ಯೆ, ಸೂರ್ಯಗ್ರಹಣದ ಪುಣ್ಯಕಾಲ, ಎಂದರೆ ಕ್ರಿಸ್ತಶಕ 945ರಲ್ಲಿ, ಆ ಶಾಲೆಗೆ ದತ್ತಿಗಳನ್ನು ಬಿಟ್ಟುಕೊಟ್ಟ ಸಂಗತಿಯನ್ನು ಕಂಬವೊಂದರ ಮೇಲೆ ಕೆತ್ತಿಸಿದ್ದಾರೆ. ನಾನಾ ಜನಪದಗಳಲ್ಲಿ ಹುಟ್ಟಿದ ವಿದ್ಯಾರ್ಥಿಗಳು ಇಲ್ಲಿ ನೆಲಸಿ ಓದುತ್ತಿದ್ದರೆಂದು ಆ ಬರಹವೇ ಹೇಳುತ್ತದೆ. ಸೇಂಟ್ ಆಂಡ್ರ್ಯೂಸಿಗಿಂತ ನಾಲ್ಕೂವರೆ ಶತಮಾನ ಹಿಂದಿನ ಮಾತಿದು. ಆದರೆ ಹಿರಿತನದ ಈ ಲೆಕ್ಕದಿಂದ ನನಗೆ ಬಂದ ಹಿಗ್ಗು ಅಷ್ಟಿಷ್ಟೇ. ಶಾಸನದ ಮುದ್ರಿತ ಪಾಠವನ್ನು ಓದಿದಂದಿನಿಂದ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ವಿಷಯ. ಅದನ್ನು ಆ ನೆಲದ ಮೇಲೆಯೇ ನಡೆಯುತ್ತ ನೆನೆಯಬೇಕೆಂಬ ಆಸೆ ಬಲಿಯುತ್ತ ಬಂದು, ವೈಶಾಖದ ಒಂದು ನಸುಕಿನಲ್ಲಿ ಇಂಡಿಯಿಂದ ಹೊರಟೆ.

ವೈಶಾಖವು ಈ ಸೀಮೆಯಲ್ಲಿ ನಡೆಯುವ ಕಾಲವಲ್ಲವೆಂದು ಬಲ್ಲವರು ಹೇಳಿದರು. ಅದು ನಿಜ. ಆದೊಡೆ ಭೀಮೆಗೂ ಕೃಷ್ಣೆಗೂ ನಡುವೆ ಹರಡಿದ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಈ ಬಯಲು ತನ್ನ ನಿಜರೂಪವನ್ನು ತೋರುವುದು ಬೇಸಗೆಯಲ್ಲಿಯೇ ಎಂಬುದು ನನ್ನ ಭಾವನೆ. ಬಿಳಿಜೋಳದ ಸುಗ್ಗಿ ಮುಗಿದು, ಕಣಗಳು ಬರಿದಾಗಿ, ಎರೆಯ ಹೊಲಗಳು ಗೇಣುದ್ದ ಬಾಯಿಬಿಟ್ಟು ಮಲಗಿರುವಾಗ, ನೆಲದ ಏರಿಳಿತವೆಲ್ಲ ಕಣ್ಣಿಗೆ ನಿಚ್ಚಳವಾಗಿ ಕಾಣುತ್ತದೆ. ಅಲ್ಲಲ್ಲಿ ಬಾವಿಯ ನೀರು ಕುಡಿದು ಕಪ್ಪುಹಸುರಾಗಿ ನಿಂತ ಲಿಂಬೆಯ ತೋಟಗಳು, ದಾರಿಯ ಬದುವಿನಲ್ಲಿ ಬೇವು ಮತ್ತು ಜಾಲಿ, ದೂರದಲ್ಲಿ ಯಾವುದೋ ಊರಿನ ಗುಡಿಯ ಶಿಖರ, ಉಳಿದುದೆಲ್ಲ ಆಕಾಶ. ಇಂಡಿಯ ಲಿಂಬೆಗೆ ಈಗ ದೇಶದಲ್ಲೆಲ್ಲ ಹೆಸರಿದೆ. ಆದರೆ ಮಳೆಯ ವಿಷಯದಲ್ಲಿ ಈ ನಾಡು ಎಂದೂ ಭಾಗ್ಯಶಾಲಿಯಲ್ಲ. 1876ರಿಂದ 1878ರವರೆಗೆ ಬಂದ ಮಹಾಕ್ಷಾಮವು ಈ ಬಯಲಿನ ಹಳ್ಳಿಗಳನ್ನು ಹೇಗೆ ಬರಿದುಮಾಡಿತೆಂಬುದನ್ನು ಹಿರಿಯರು ತಮ್ಮ ಹಿರಿಯರಿಂದ ಕೇಳಿ ಹೇಳುತ್ತಿದ್ದರು. ಇಂಥ ನೆಲದಲ್ಲಿ, ಒಂದು ಮಳೆ ತಪ್ಪಿದರೆ ತಮ್ಮ ಮಕ್ಕಳ ಹೊಟ್ಟೆಗೇ ಚಿಂತಿಸಬೇಕಾದ ನೆಲದಲ್ಲಿ, ಪರದೇಶದಿಂದ ಬಂದ ಹುಡುಗರನ್ನು ಇರಿಸಿಕೊಂಡು ಉಣಬಡಿಸಿ ಓದಿಸುವ ಸಾಹಸಕ್ಕೆ ಒಂದು ಊರು ಹೇಗೆ ಕೈಹಾಕಿತು? ನಾನು ಹೊತ್ತುಕೊಂಡು ನಡೆದದ್ದು ಈ ಪ್ರಶ್ನೆಯನ್ನು.

ಶಾಸನವು ಇದಕ್ಕೆ ಬಹಳ ವಿವರವಾಗಿಯೇ ಉತ್ತರ ಹೇಳುತ್ತದೆ. ಪಾವಿಟ್ಟಗೆಯ ಒಡೆಯನಾದ ಚಕ್ರಾಯುಧಬುಧನು ಶಾಲೆಗಾಗಿ 500 ನಿವರ್ತನ ಭೂಮಿಯನ್ನು ಬಿಟ್ಟನು. ವಿದ್ಯಾರ್ಥಿಗಳ ವಾಸಕ್ಕೆಂದು 27 ಮನೆಗಳು ಮೀಸಲಾದವು. ಅಧ್ಯಾಪಕನಿಗೆ 50 ನಿವರ್ತನ ಭೂಮಿ. ರಾತ್ರಿಯ ದೀಪದ ಎಣ್ಣೆಗಾಗಿಯೇ 12 ನಿವರ್ತನಗಳನ್ನು ಪ್ರತ್ಯೇಕವಾಗಿ ತೆಗೆದಿರಿಸಿದರು. ಇಷ್ಟನ್ನು ಯಾವ ಶ್ರೀಮಂತನಾದರೂ ಮಾಡಬಹುದು, ಯಾವ ಅರಸನಾದರೂ ಮಾಡಿಸಬಹುದು. ನಮ್ಮ ನಾಡಿನ ಶಾಸನಗಳಲ್ಲಿ ಇಂಥ ದತ್ತಿಗಳು ವಿರಳವಲ್ಲ. ಕಲಬುರಗಿ ಸೀಮೆಯ ನಾಗಾವಿಯ ಘಟಿಕಾಸ್ಥಾನದಲ್ಲಂತೂ ಗ್ರಂಥಭಂಡಾರವನ್ನು ನೋಡಿಕೊಳ್ಳಲು ಸರಸ್ವತೀ ಭಂಡಾರಿಗಳೇ ಇದ್ದರು. ಆದರೆ ಪಾವಿಟ್ಟಗೆಯವರು ಇಲ್ಲಿಗೆ ನಿಲ್ಲಲಿಲ್ಲ. ಊರಿನಲ್ಲಿ ಮದುವೆಯಾದರೆ ಆ ಮನೆಯವರು ಶಾಲೆಗೆ ಐದು ನಾಣ್ಯಗಳನ್ನು ಕೊಡತಕ್ಕದ್ದು, ಉಪನಯನವಾದರೆ ಅದರರ್ಧ, ಚೌಲವಾದರೆ ಆ ಅರ್ಧದರ್ಧ. ಊರಲ್ಲಿ ಯಾವ ಕಾರಣಕ್ಕೇ ಸಂತರ್ಪಣೆಯಾಗಲಿ, ಶಾಲೆಯವರಿಗೂ ಶಕ್ತ್ಯನುಸಾರ ಊಟ ಹಾಕತಕ್ಕದ್ದು. ಈ ಕಟ್ಟಳೆಗಳನ್ನೆಲ್ಲ ಅವರು ಕಲ್ಲಿನಲ್ಲಿ ಕೊರೆಸಿಟ್ಟರು.

ನಾನು ಈ ಮಾತನ್ನು ನೆನೆದಾಗಲೆಲ್ಲ ಮನಸ್ಸು ತುಂಬಿಬರುತ್ತದೆ. ಭೂಮಿಯನ್ನು ದಾನಮಾಡಿದವನು ಒಂದು ಸಲ ಕೊಟ್ಟು ಋಣಮುಕ್ತನಾಗುತ್ತಾನೆ; ಆದರೆ ಮನೆಯ ಮಂಗಳಕಾರ್ಯದಲ್ಲಿ ಶಾಲೆಗೆ ಪಾಲಿಟ್ಟ ಊರು ತಲೆತಲಾಂತರಕ್ಕೂ ಕೊಡುತ್ತಲೇ ಇರಬೇಕಾಗುತ್ತದೆ. ಮಗುವಿನ ಮೊದಲ ಕೂದಲು ತೆಗೆಸಿದ ದಿನ ತಂದೆಯು ಆ ಕಿರಿಯ ಕಾಣಿಕೆಯನ್ನು ಎಣಿಸಿ ಕೊಡುವಾಗ, ತನ್ನ ಮಗುವೂ ಒಂದು ದಿನ ಓದಬೇಕಾದುದೆಂಬುದು ಅವನ ಮನಸ್ಸಿಗೆ ಬಾರದೆ ಇದ್ದೀತೆ? ಮದುವೆಯ ಸಡಗರದ ನಡುವೆ, ಊರಿನ ಆ 27 ಮನೆಗಳಲ್ಲಿ ತಾಯಿತಂದೆಗಳನ್ನು ಬಿಟ್ಟು ಬಂದು ದೀಪದ ಮುಂದೆ ಕುಳಿತ ಹುಡುಗರಿದ್ದಾರೆಂಬುದನ್ನು ಗೃಹಿಣಿಯು ಮರೆಯುವಂತಿರಲಿಲ್ಲ. ವಿದ್ಯೆಯು ಊರಿನ ಸುಖದುಃಖಗಳಿಂದ ಬೇರೆಯಾಗಿ ನಿಲ್ಲದಂತೆ ಅವರು ಅದನ್ನು ಮನೆಮನೆಯ ಪಂಚಾಂಗಕ್ಕೆ ಹೊಲಿದುಬಿಟ್ಟರು. ವಿದ್ಯಾಶಾಲೆಗಳಿಗೆ ಹಣವನ್ನು ಎಲ್ಲಿಂದ ತರುವುದೆಂದು ಇಂದು ನಾವು ಸಭೆಗಳಲ್ಲಿ ಚರ್ಚಿಸುವಾಗ ಈ ಊರಿನವರ ಕಟ್ಟಳೆ ಯಾರ ಬಾಯಲ್ಲೂ ಬಾರದಿರುವುದನ್ನು ಕಂಡು ನನಗೆ ವ್ಯಥೆಯಾಗುತ್ತದೆ.

ಸಾಲೋಟಗಿಯನ್ನು ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಸೇಂಟ್ ಆಂಡ್ರ್ಯೂಸಿನಲ್ಲಿ ನಡೆಯುವವನಿಗೆ ಕಲ್ಲುಗಳೇ ಕತೆ ಹೇಳುತ್ತವೆ: ಇಗೋ ಬಿಷಪ್ ಕೆನೆಡಿಯವರು 1450ರಲ್ಲಿ ಸ್ಥಾಪಿಸಿದ ಕಾಲೇಜು, ಇಗೋ ಕೋಟೆ, ಇಗೋ ಗೋಪುರ. ಇಲ್ಲಿ ನಡೆಯುವವನು ಕತೆಯನ್ನು ತಾನೇ ಹೊತ್ತು ತರಬೇಕು. ಆ 27 ಮನೆಗಳ ಗುರುತನ್ನು ಯಾರು ತೋರಿಯಾರು? ನಾರಾಯಣನು ಕಟ್ಟಿಸಿದ ಶಾಲೆಯು ಮುಂದೆ ಬಿದ್ದುಹೋಗಲು, ಶಿಲಾಹಾರ ವಂಶದ ಕಂಚಿಗನೆಂಬ ಸಾಮಂತನು ಅದನ್ನು ಮತ್ತೆ ಎತ್ತಿ ನಿಲ್ಲಿಸಿದನೆಂದು ಅದೇ ಕಂಬದ ಮೇಲಿನ ಕನ್ನಡ ಬರಹವು ತಿಳಿಸುತ್ತದೆ. ಒಮ್ಮೆ ಬಿದ್ದುದನ್ನು ಎತ್ತಿದವರಿದ್ದರು. ಎರಡನೆಯ ಸಲ ಬಿದ್ದಾಗ ಎತ್ತುವವರು ಬರಲಿಲ್ಲ. ಈಗ ಊರಿನ ದೈವವು ಶಿವಯೋಗೀಶ್ವರ. ಆತನ ಗುಡಿಯತ್ತ ಸಾಗುವ ಓಣಿಗಳಲ್ಲಿ ಮಣ್ಣಿನ ಮಾಳಿಗೆಯ ಹಳೆಯ ಮನೆಗಳೂ ಸಿಮೆಂಟಿನ ಹೊಸ ಮನೆಗಳೂ ಒಂದಕ್ಕೊಂದು ಒತ್ತಿ ನಿಂತಿದ್ದವು.

ಒಂದು ಓಣಿಯಲ್ಲಿ ಹಂದರ ಹಾಕಿತ್ತು. ಅಕ್ಕಿಕಾಳು ಬಿದ್ದು ಸ್ವಲ್ಪ ಹೊತ್ತಾಗಿದ್ದಿರಬೇಕು. ಭಜಂತ್ರಿಯವರು ಬೇವಿನ ಬುಡದಲ್ಲಿ ದಣಿವಾರಿಸಿಕೊಳ್ಳುತ್ತಿದ್ದರು. ನಾನು ಆ ನೆರಳಿನಂಚಿನಲ್ಲಿ ನಿಂತುದನ್ನು ಕಂಡು ರುಮಾಲಿನ ಹಿರಿಯರೊಬ್ಬರು ಎದ್ದು ಬಂದರು.

"ಯಾವೂರ್ರಿ ನಿಮ್ದು? ಇಂಥ ಬಿಸಲಾಗ ನಡಕೋತ ಬಂದೀರಿ. ಬರ್ರಿ, ಒಳಗ ಬರ್ರಿ, ನೆಳ್ಳಾಗ ಕುಂದರ್ರಿ."

ನಾನು ಬೀಗರ ಪೈಕಿಯವನಲ್ಲ, ಊರು ನೋಡಲು ಬಂದವನೆಂದು ಹೇಳಿದೆ.

"ಅದಕ್ಕೇನಾತ್ರಿ? ಹಂದರಕ ಬಂದವ್ರು ಉಣ್ಣದ ಹೋದ್ರ ಹ್ಯಾಂಗ? ಏಳ್ರಿ, ಕೈ ತೊಳಕೋರಿ."

ಪಂಕ್ತಿಯಲ್ಲಿ ಕುಳಿತೆ. ಗೋದಿಯ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಸಾಲೋಟಗಿಯಲ್ಲಿ, ಮದುವೆಯ ಊಟದಲ್ಲಿ, ಹೊರಗಿನಿಂದ ಬಂದವನೊಬ್ಬನಿಗೆ ಎಲೆ ಹಾಕಿದ್ದರು! ಇದಕ್ಕೂ ಆ ಕಲ್ಲಿನ ಕಟ್ಟಳೆಗೂ ನೇರವಾದ ಸಂಬಂಧವಿದೆಯೆಂದು ಹೇಳುವಷ್ಟು ಧೈರ್ಯ ನನಗಿಲ್ಲ, ಏಕೆಂದರೆ ಈ ಸೀಮೆಯ ಯಾವ ಹಳ್ಳಿಗೆ ಹೋದರೂ ಹೀಗೆಯೇ ಕರೆದು ಉಣಿಸುತ್ತಾರೆ. ಬಹುಶಃ ಪಾವಿಟ್ಟಗೆಯವರು ತಮ್ಮ ಜನದ ಸ್ವಭಾವದಲ್ಲಿ ಮೊದಲೇ ಇದ್ದುದನ್ನು ಶಾಲೆಯ ಉಪಯೋಗಕ್ಕೆ ತಿರುಗಿಸಿಕೊಂಡರೆಂಬುದೇ ಸತ್ಯಕ್ಕೆ ಹೆಚ್ಚು ಸಮೀಪವಾದೀತು. ಊಟವಾದ ಮೇಲೆ ನಾನೂ ವಧೂವರರಿಗೆ ಆಹೇರಿ ಮಾಡಿದೆ. ಕಾಲೇಜಿಗೆ ಹೋಗುವ ಹುಡುಗನೊಬ್ಬನು ಪಕ್ಕದಲ್ಲಿ ಕುಳಿತು ನಾನು ಬಂದ ಕಾರಣವನ್ನು ಕೇಳಲು, ಶಾಲೆಯ ವೃತ್ತಾಂತವನ್ನೆಲ್ಲ ಹೇಳಿದೆ.

"ನಮ್ಮೂರಾಗ ಇತ್ತೇನ್ರಿ ಸರ ಅದು?" ಎಂದು ಅವನು ಎರಡು ಸಲ ಕೇಳಿದ. ಬಳಿಕ ಸ್ವಲ್ಪ ಯೋಚಿಸಿ, "ಅದರಾಗ ಎಲ್ಲಾರನೂ ತಗೋತಿದ್ರೇನ್ರಿ?" ಎಂದ.

ಈ ಪ್ರಶ್ನೆಯನ್ನು ಅವನು ಕೇಳಿಯೇ ತೀರಬೇಕಾಗಿತ್ತು. ಇಲ್ಲವೆಂದು ಹೇಳಿದೆ. ಅದು ಅಗ್ರಹಾರದ ಶಾಲೆ. ಯಾವ ನಾಡಿನಿಂದ ಬಂದವರಾದರೂ ಬ್ರಾಹ್ಮಣರ ಮಕ್ಕಳಿಗಾಗಿ ಇದ್ದ ಶಾಲೆ. ಐದು ನಾಣ್ಯದ ಕಟ್ಟಳೆಯ ಔದಾರ್ಯವನ್ನು ನಾನು ಎಷ್ಟು ಮೆಚ್ಚಿದರೂ ಅದರ ಬಾಗಿಲು ಕಿರಿದಾಗಿತ್ತೆಂಬುದನ್ನು ಮುಚ್ಚಿಡಲಾರೆ. ಆ 500 ನಿವರ್ತನಗಳನ್ನು ಉತ್ತವರ ಮಕ್ಕಳು ಆ ದೀಪದ ಬೆಳಕಿನೊಳಗೆ ಕೂರಲಿಲ್ಲ. ಸುಮಾರು ಎರಡು ಶತಮಾನಗಳ ತರುವಾಯ ಇದೇ ಬಯಲಿನ ಇನ್ನೊಂದು ಅಗ್ರಹಾರದಿಂದ, ಬಾಗೇವಾಡಿಯಿಂದ, ಬಾಲಕನೊಬ್ಬನು ಉಪನಯನವನ್ನೇ ಒಲ್ಲದೆ ಮನೆ ಬಿಟ್ಟು ಕೂಡಲಸಂಗಮದ ಹಾದಿ ಹಿಡಿದನೆಂದು ಪರಂಪರೆ ಹೇಳುತ್ತದೆ. ಯಾವ ಸಂಸ್ಕಾರದ ಕಾಣಿಕೆಯಿಂದ ಪಾವಿಟ್ಟಗೆಯ ದೀಪ ಉರಿಯಿತೋ ಆ ಸಂಸ್ಕಾರವನ್ನೇ ಆತನು ನಿರಾಕರಿಸಿದನು. ಆತನ ಹಿಂದೆ ನಡೆದವರಲ್ಲಿ ಅಂಬಿಗರೂ ಮಾದಾರರೂ ಹೆಂಗಸರೂ ಇದ್ದರು. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಡದ ಮೇಲೆ, ಆತನ ಮಡದಿ ನೀಲಾಂಬಿಕೆಯ ಐಕ್ಯಸ್ಥಳವಿದೆ. ಪಾವಿಟ್ಟಗೆಯ ಶಾಲೆಯನ್ನೂ ಬಸವಣ್ಣನನ್ನೂ ಹಡೆದುದು ಒಂದೇ ಎರೆನೆಲ. ಇವೆರಡನ್ನೂ ಒಟ್ಟಿಗೆ ನೆನೆಯದೆ ಈ ಸೀಮೆಯ ವಿದ್ಯೆಯ ಚರಿತ್ರೆಯನ್ನು ಹೇಳಲಾಗದೆಂದು ನಾನು ನಂಬಿದ್ದೇನೆ. ಕಲ್ಲಿನ ಬರಹವನ್ನೂ ವಚನವನ್ನೂ ಒಂದೇ ನಿಷ್ಠೆಯಿಂದ ಓದಿ ಕಲಿಸಿದ ಎಂ. ಎಂ. ಕಲಬುರ್ಗಿಯವರು ಇದೇ ಬಯಲಿನ ಸಿಂದಗಿ ತಾಲ್ಲೂಕಿನ ಗುಬ್ಬೇವಾಡದಲ್ಲಿ 1938ರಲ್ಲಿ ಹುಟ್ಟಿದವರೆಂಬುದನ್ನು ಆ ಹುಡುಗನಿಗೆ ಹೇಳಿದೆ. ಅವರ ಹೆಸರು ಅವನಿಗೆ ಗೊತ್ತಿತ್ತು.

ನಾವು ಮಾತಾಡುತ್ತಿರಲು ಒಳಗಿನಿಂದ ಹಾಡು ಕೇಳಿಬಂದಿತು. ಮದುಮಗಳ ಅಜ್ಜಿಯಂತೆ. ದನಿ ಒಡೆದಿತ್ತು, ಉಸಿರು ಅಲ್ಲಲ್ಲಿ ಕಡಿಯುತ್ತಿತ್ತು. ಆದರೆ ಮೂರು ಸಾಲಿನ ಆ ತ್ರಿಪದಿಯ ನಡೆ ಒಂದೆಡೆಯೂ ತಪ್ಪಲಿಲ್ಲ. ಶಾಲೆಯ ಹೊರಗೆ ಉಳಿದವರು ಏನು ಮಾಡಿದರೆಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿರಲಿಲ್ಲ. ಪಾವಿಟ್ಟಗೆಯ ವಿದ್ಯಾರ್ಥಿಗಳ ರೊಟ್ಟಿಗೆ ಜೋಳ ಬೀಸಿದ ಕೈಗಳ ಹೆಸರನ್ನು ಯಾವ ಶಾಸನವೂ ಬರೆಯಲಿಲ್ಲ. ಆ ಕೈಗಳು ನಸುಕಿನಲ್ಲಿ ಬೀಸುಕಲ್ಲಿನ ಗೂಟ ಹಿಡಿದು, ತವರು, ಅಣ್ಣತಮ್ಮಂದಿರು, ಮಗು, ಮಳೆ, ಶಿವ, ಹೀಗೆ ಬಾಳಿನ ಸಮಸ್ತವನ್ನೂ ಛಂದಸ್ಸಿಗೆ ಒಗ್ಗಿಸಿ, ತಾಯಿಯಿಂದ ಮಗಳಿಗೆ ಕಲಿಸುತ್ತ ಬಂದವು. ಅದಕ್ಕೆ ದತ್ತಿಯಿರಲಿಲ್ಲ, ದೀಪದ ಎಣ್ಣೆಯಿರಲಿಲ್ಲ. ಅಂದಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು, ಧೂಲಾಸಾಹೇಬರು ಮೊದಲಾದ ಗೆಳೆಯರು ಕೂಡಿ, ಮನೆಮನೆಯ ಬೀಸುಕಲ್ಲಿನ ಬಳಿ ಕಿವಿಗೊಟ್ಟು, ಆ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚುಹಾಕಿಸಿದರು. ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ಗಳು ಅದರ ಹಿಂದೆಯೇ ಬಂದವು. ಅವರಾರೂ ದೊಡ್ಡ ವಿಶ್ವವಿದ್ಯಾಲಯಗಳಿಂದ ಬಂದವರಲ್ಲ. ಹಳ್ಳಿಯವರು, ಹಳ್ಳಿಯಲ್ಲಿಯೇ ನೆಲಸಿದವರು. ಹಲಸಂಗಿಯನ್ನು ನಾನು ಪಾವಿಟ್ಟಗೆಯ ನಂತರದ ಎರಡನೆಯ ವಿದ್ಯಾಪೀಠವೆಂದೇ ಎಣಿಸುತ್ತೇನೆ. ಅಲ್ಲಿ ವಿದ್ವಾಂಸರೇ ಶಿಷ್ಯರಾಗಿ ಕುಳಿತರು, ಅಕ್ಷರವರಿಯದ ತಾಯಂದಿರು ಪಾಠ ಹೇಳಿದರು.

ಅಜ್ಜಿಯನ್ನು ಹೊರಗೆ ಕರೆತಂದು ಕೂರಿಸಿದರು. ಹಾಡನ್ನು ಬರೆದುಕೊಳ್ಳಬಹುದೇ ಎಂದು ಕೇಳಿದೆ.

"ಬರಕೋಪಾ, ಬ್ಯಾಡ ಅಂದೆನೇನು? ಖರೆ, ಇದನ್ನ ತಗೊಂಡು ಏನ ಮಾಡ್ತಿ?"

ಹಲಸಂಗಿಯವರ ಪುಸ್ತಕದ ಸಂಗತಿಯನ್ನು ಹೇಳಿದೆ. ಅಜ್ಜಿ ಗಮನವಿಟ್ಟು ಕೇಳಿದಳು. "ನಮ್ಮವ್ವನ ಹಾಡೂ ಅದಾವೇನು ಅದರಾಗ? ಆಕಿ ಆ ಕಡೀಯಾಕೀನ ಆಗಿದ್ಲು" ಎಂದಳು. ಇದ್ದರೂ ಇರಬಹುದು, ಹಾಡಿದವರ ಹೆಸರನ್ನು ಆ ಹಾಡುಗಳು ಹೇಳುವುದಿಲ್ಲ ಎಂದೆ. ಹಾಗಾದರೆ ಓದಿಸಿ ನೋಡಿದರೆ ತನಗೆ ಗುರುತು ಹತ್ತುತ್ತದೆಂದು ಅವಳು ಹೇಳಿದಳು. ಆ ಹುಡುಗನು ತಾನೇ ಓದಿ ಹೇಳುವೆನೆಂದು ಒಪ್ಪಿಕೊಂಡ. ಪುಸ್ತಕವನ್ನು ಅವನ ಹೆಸರಿಗೆ ಕಳುಹಿಸುವುದೆಂದು ನಿಶ್ಚಯವಾಗಿ, ಅವನ ವಿಳಾಸವನ್ನು ಬರೆದುಕೊಂಡು, ಬಿಸಿಲು ಇಳಿದ ಮೇಲೆ ಇಂಡಿಯ ಕಡೆಗೆ ಹೊರಟೆ.